ಎಣಿಸುವ ಓದು, ಉಣಿಸುವ ಓದು

ಸೆಪ್ಟೆಂಬರ್ ನಮ್ಮ ಭಾಗದ ಕ್ರೈಸ್ತ ಕುಟುಂಬಗಳಿಗೆ ಹಬ್ಬದ ತಿಂಗಳು. 8ರಂದು ಹರಿಹರದ ಆರೋಗ್ಯ ಮಾತೆಯ ಮಹೋತ್ಸವ. 30ರಂದು ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತಂದ ಸಂತ ಜೆರೋಮರ ಸ್ಮರಣೆ. ಇಂತಹ ತಿಂಗಳನ್ನು 'ಓದಿನ ಮಾಸ'ವನ್ನಾಗಿ ಆಚರಿಸೋಣವೆಂಬ ಆಸೆ ಧರ್ಮಕೇಂದ್ರದ ಯುವಜನರಲ್ಲಿ ಹುಟ್ಟಿದರೆ ಯಾಜಕನಾದವನಿಗೆ ಅದಕ್ಕಿಂತ ಸಂತೋಷದ ಸಂಗತಿ ಮತ್ತೇನಿದೆ? ಕೆಲವು ವರ್ಷಗಳ ಹಿಂದೆ ಅಂತಹ ಒಂದು ಕಾಗದ ನನ್ನ ಮೇಜಿನ ಮೇಲೂ ಬಂದು ಕುಳಿತಿತು. 'ಮೂವತ್ತು ದಿನ, ಮೂವತ್ತು ಪುಸ್ತಕ' ಎಂಬುದು ಅದರ ಶೀರ್ಷಿಕೆ. ಮನೆಗೊಂದು ಪಟ್ಟಿ, ಓದಿ ಮುಗಿಸಿದ ಪುಸ್ತಕಕ್ಕೊಂದು ನಕ್ಷತ್ರದ ಚೀಟಿ, ತಿಂಗಳ ಕೊನೆಯ ಭಾನುವಾರ ಪೂಜೆಯ ನಂತರ ಬಹುಮಾನ. ನಾನು ಎರಡನೆಯ ಬಾರಿ ಯೋಚಿಸದೆ ಸಹಿ ಹಾಕಿದೆ. ಪ್ರಕಟಣೆಯನ್ನೂ ನಾನೇ ಓದಿದೆ.

ಇಂದು ಆ ಸಹಿಯನ್ನು ಹಿಂದಕ್ಕೆ ಪಡೆಯಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ. ಏಕೆಂದರೆ ಇಂತಹ ಪಟ್ಟಿಗಳು ನಿಂತಿಲ್ಲ. ಶಾಲೆಗಳಲ್ಲಿ, ಯುವಕೂಟಗಳಲ್ಲಿ, ರಜೆಯ ಶಿಬಿರಗಳಲ್ಲಿ, ತಂದೆ ತಾಯಂದಿರ ಮೊಬೈಲುಗಳಲ್ಲಿ ಅವು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿವೆ.

ಪಟ್ಟಿಯಲ್ಲಿಲ್ಲದ ಪುಸ್ತಕ

ಆ ತಿಂಗಳ ನಡುವೆ ಒಂದು ಶನಿವಾರ ಸಂಜೆ ಹರಿಹರದಲ್ಲಿ ಒಬ್ಬ ಹಿರಿಯರನ್ನು ನೋಡಲು ಹೋಗಿದ್ದೆ. ಅವರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕಗಳೇ ಕಳೆದಿವೆ. ಆದರೆ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು, ಊಟಕ್ಕೆ ಮುನ್ನ ಶುಭಸಂದೇಶದ ಒಂದು ಪುಟ ಓದುವ ಅವರ ಅಭ್ಯಾಸ ಮಾತ್ರ ಮುಚ್ಚಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲುಗಿಸಿ, ನಿಧಾನವಾಗಿ ಓದುವವರು. ಆಗ ಅವರ ಕಣ್ಣಿನ ಪೊರೆ ತೆಗೆದು ಕೆಲವೇ ದಿನಗಳಾಗಿದ್ದವು. ಓದಬಾರದೆಂದು ವೈದ್ಯರ ಅಪ್ಪಣೆ. ವಾರದ ರಜೆಗೆಂದು ದಾವಣಗೆರೆಯಿಂದ ಮಗಳು, ಮೊಮ್ಮಗ ಬಂದಿದ್ದರು. ಹುಡುಗನಿಗೆ ಹನ್ನೆರಡರ ವಯಸ್ಸು. ಅವನ ಚೀಲದಲ್ಲಿ ನಾನು ಸಹಿ ಮಾಡಿದ ಪಟ್ಟಿ. ಅದರ ಮೇಲೆ ಹನ್ನೊಂದು ನಕ್ಷತ್ರ.

ಅಜ್ಜ ದಿಂಬಿನ ಬಳಿಯಿದ್ದ ಪುಸ್ತಕವನ್ನು ಮೊಮ್ಮಗನತ್ತ ಚಾಚಿ, "ಲೂಕನ ಶುಭಸಂದೇಶ, ಗುರುತು ಹಾಕೀನಿ ನೋಡು. ಒಂದು ಪುಟ ಓದಿ ಹೇಳಪ್ಪಾ" ಎಂದರು.

ಹುಡುಗ ಪುಸ್ತಕವನ್ನೂ ನೋಡಿದ, ನನ್ನನ್ನೂ ನೋಡಿದ. "ಅಜ್ಜಾ, ಅದು ಲಿಸ್ಟ್‌ನಾಗೆ ಇಲ್ಲ. ಅದನ್ನ ಓದಿದ್ರೆ ಸ್ಟಾರ್ ಸಿಗಲ್ಲ" ಎಂದ.

ಅಜ್ಜ ಬೈಯಲಿಲ್ಲ, ನಕ್ಕು ಪುಸ್ತಕವನ್ನು ದಿಂಬಿನ ಪಕ್ಕಕ್ಕೆ ಸರಿಸಿದರು. ನಾನು ಹುಡುಗನನ್ನು ಕರೆದು ಹನ್ನೊಂದು ಪುಸ್ತಕಗಳ ಬಗ್ಗೆ ಕೇಳಿದೆ. ಹನ್ನೊಂದರ ಹೆಸರನ್ನೂ ಹೇಳಿದ. ಯಾವುದಕ್ಕೆ ಎಷ್ಟು ಪುಟ ಎಂಬುದನ್ನೂ ಹೇಳಿದ. ಒಳಗೆ ಏನಿತ್ತೆಂದು ಕೇಳಿದಾಗ ತಾಯಿಯ ಮುಖ ನೋಡಿದ. ಹೊರಡುವಾಗ ಆ ತಾಯಿ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ, "ಫಾದರ್, ತಪ್ಪು ತಿಳ್ಕೋಬೇಡಿ. ಅವನಿಗೆ ಕನ್ನಡ ಅಕ್ಷರ ಕೂಡಿಸಿ ಓದೋದೇ ಕಷ್ಟ. ನಿಮ್ಮ ಮುಂದೆ ನಾಚಿಕೆ ಆಗಿ ಹಾಗಂದ" ಎಂದರು.

ಆ ಸಂಜೆ ಆ ಪುಟವನ್ನು ನಾನೇ ಓದಿದ್ದೆ. ಹಿರಿಯರು ಕೈಮುಗಿದು ಕೇಳಿದರು. ಆದರೆ ಅವರು ಕೇಳಲು ಬಯಸಿದ್ದು ನನ್ನ ದನಿಯನ್ನಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತಪ್ಪು ಹುಡುಗನದೇ? ಖಂಡಿತ ಅಲ್ಲ. ಎಣಿಸಲು ಕಲಿಸಿದವರು ನಾವು. ಅವನು ಸರಿಯಾಗಿಯೇ ಎಣಿಸಿದ.

ಗುರಿಯೇ ಪುಸ್ತಕವನ್ನು ಆರಿಸುತ್ತದೆ

ದಾವಣಗೆರೆಯನ್ನು ನಾವು ಹೆಮ್ಮೆಯಿಂದ ವಿದ್ಯಾನಗರಿ ಎನ್ನುತ್ತೇವೆ. ಹತ್ತಿ ಗಿರಣಿಗಳ ಊರು ಕಾಲೇಜುಗಳ ಊರಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಅಂಕ, ಶ್ರೇಣಿ, ಕಟ್-ಆಫ್ ಎಂಬ ಮಾತುಗಳನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೇಳುವ ಊರಿನಲ್ಲಿ ಮಕ್ಕಳಿಗೆ ಅಳತೆಯಿಲ್ಲದ ಒಂದೇ ಒಂದು ಜಾಗವಾದರೂ ಉಳಿಯಬೇಡವೇ? ಕಥೆಯ ಪುಸ್ತಕ ಅಂತಹ ಜಾಗವಾಗಿತ್ತು. ಅಲ್ಲಿಗೂ ನಾವು ಅಂಕಪಟ್ಟಿಯನ್ನು ಹಿಡಿದುಕೊಂಡು ಹೋದೆವು.

ಸಂಖ್ಯೆಯನ್ನು ಗುರಿಯಾಗಿಟ್ಟ ಕೂಡಲೇ ಪುಸ್ತಕವನ್ನು ಆರಿಸುವವನು ಓದುಗನಲ್ಲ, ಸಂಖ್ಯೆಯೇ. ಮೂವತ್ತು ದಿನಕ್ಕೆ ಮೂವತ್ತು ಮುಗಿಯಬೇಕಾದರೆ ಮಗು ತೆಳುವಾದದ್ದನ್ನೇ ಹುಡುಕುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೈಗೆತ್ತಿಕೊಂಡ ಹುಡುಗಿ ತಿಂಗಳ ಕೊನೆಗೆ ಒಂದೇ ನಕ್ಷತ್ರದೊಡನೆ ಕೊನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಹದಿನಾರು ಪುಟಗಳ ಚಿತ್ರಪುಸ್ತಕಗಳನ್ನು ಮಗುಚಿದ ಹುಡುಗ ವೇದಿಕೆ ಏರುತ್ತಾನೆ. ದೊಡ್ಡ ಪುಸ್ತಕವನ್ನು ಆರಿಸಿದವರಿಗೆ ಶಿಕ್ಷೆ, ಸಣ್ಣದನ್ನು ಆರಿಸಿದವರಿಗೆ ಬಹುಮಾನ! ಇದನ್ನು ಮಹತ್ವಾಕಾಂಕ್ಷೆ ಎಂದು ಕರೆಯುವುದು ಹೇಗೆ? ಡಿ.ವಿ.ಜಿ.ಯವರು 1943ರಲ್ಲಿ ಕೊಟ್ಟ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ಹಾಗೆ ಓದಿದವರು ಕನ್ನಡ ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರೆ. ನಮ್ಮ ಪಟ್ಟಿಯ ಲೆಕ್ಕದಲ್ಲಿ ಅವರೆಲ್ಲರೂ ಸೋಮಾರಿಗಳು.

ಅರಸ ದಾವೀದನು ತನ್ನ ಜನರನ್ನು ಎಣಿಸಲು ಹೊರಟ ಪ್ರಸಂಗ ಸಮುವೇಲನ ಎರಡನೆಯ ಗ್ರಂಥದ ಕೊನೆಯಲ್ಲಿದೆ. ಎಣಿಕೆ ಮುಗಿದ ಮೇಲೆ ಅವನ ಹೃದಯವೇ ಅವನನ್ನು ಚುಚ್ಚಿತು. ಲೆಕ್ಕ ಹಾಕುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ದೇವರ ಕೊಡುಗೆಯನ್ನು ನಮ್ಮ ಬಲದ ಪ್ರದರ್ಶನವಾಗಿ ಎಣಿಸಿದಾಗ ಕೊಡುಗೆ ಕೈಜಾರುತ್ತದೆ ಎನ್ನುತ್ತಿದ್ದೇನೆ.

ಧರ್ಮಸಭೆಯ ಸಾಕ್ಷ್ಯ

ಓದಿನಿಂದ ಬದುಕೇ ಬದಲಾದವರ ಕಥೆಗಳನ್ನು ಧರ್ಮಸಭೆ ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಅವುಗಳಲ್ಲಿ ಸಂಖ್ಯೆಯ ಪಾತ್ರವೆಷ್ಟು, ನೋಡೋಣ.

386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಗಸ್ಟೀನರು ಅಳುತ್ತ ಕುಳಿತಿದ್ದರು. ನೆರೆಮನೆಯ ಕಡೆಯಿಂದ ಮಗುವಿನ ದನಿಯೊಂದು ತೆಗೆದುಕೊಂಡು ಓದೆಂದು ಹೇಳಿದಂತೆ ಅವರಿಗೆ ಕೇಳಿಸಿತು. ಪೌಲನ ಪತ್ರಗಳ ಗ್ರಂಥವನ್ನು ತೆರೆದರು, ರೋಮನರಿಗೆ ಬರೆದ ಪತ್ರದಲ್ಲಿ ಕಣ್ಣಿಗೆ ಮೊದಲು ಬಿದ್ದ ಭಾಗವನ್ನು ಓದಿದರು, ಅಲ್ಲಿಗೇ ನಿಲ್ಲಿಸಿದರು. ಮುಂದಕ್ಕೆ ಓದುವ ಬಯಕೆಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಪ್ರಿಯ ಓದುಗರೇ, ಕ್ರೈಸ್ತ ಇತಿಹಾಸದ ಅತಿ ಪ್ರಸಿದ್ಧ ಓದು ಪುಸ್ತಕ ಮುಗಿಸದ ಓದು! ನಮ್ಮ ಪಟ್ಟಿಯಲ್ಲಿ ಸಂತ ಅಗಸ್ಟೀನರಿಗೆ ಒಂದು ನಕ್ಷತ್ರವೂ ಸಿಗುತ್ತಿರಲಿಲ್ಲ.

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸರ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಆ ಯೋಧ ವೀರರ ಶೃಂಗಾರಕಥೆಗಳನ್ನು ಕೇಳಿದ. ಮನೆಯಲ್ಲಿ ಅಂಥವು ಇರಲಿಲ್ಲ. ಸಿಕ್ಕಿದ್ದು ಸ್ಯಾಕ್ಸನಿಯ ಲುಡಾಲ್ಫರು ಬರೆದ ಕ್ರಿಸ್ತನ ಜೀವನ ಹಾಗೂ ಸಂತರ ಚರಿತ್ರೆ ಮಾತ್ರ. ಅವುಗಳನ್ನೇ ಮತ್ತೆ ಮತ್ತೆ ಓದಿದರು, ಓದು ನಿಲ್ಲಿಸಿ ಯೋಚಿಸಿದರು, ಮನಸ್ಸಿಗೆ ನಾಟಿದ ಭಾಗಗಳನ್ನು ಪ್ರತಿ ಮಾಡಿಕೊಂಡರು: ಕ್ರಿಸ್ತನ ಮಾತುಗಳನ್ನು ಕೆಂಪು ಶಾಯಿಯಲ್ಲಿ, ಮಾತೆಯ ಮಾತುಗಳನ್ನು ನೀಲಿಯಲ್ಲಿ. ಆ ಎರಡು ಪುಸ್ತಕಗಳ ಓದಿನಿಂದ ಹೊರಟ ಹಾದಿಯಲ್ಲೇ ಮುಂದೆ ಯೇಸುಸಭೆ ಹುಟ್ಟಿತು. ಆತ್ಮವನ್ನು ತಣಿಸುವುದು ತಿಳಿವಿನ ರಾಶಿಯಲ್ಲ, ಒಳಗಿನಿಂದ ಸವಿಯುವುದು ಎಂಬ ಅವರ ಬೋಧನೆ ಈ ಅನುಭವದ ಫಲವೆಂದರೆ ತಪ್ಪಾಗದು.

ಇನ್ನು ನಮ್ಮ ಹರಿಹರದ ಮಾತೆ. ಕುರಿಗಾಹಿಗಳು ಬಂದು ಹೇಳಿದ್ದನ್ನು ಆ ತಾಯಿ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸುತ್ತಿದ್ದಳೆಂದು ಲೂಕ ಬರೆಯುತ್ತಾನೆ. ಆಕೆಯ ಬಸಿಲಿಕಕ್ಕೆ ಬರುವ ನಾವು ನವೇನದ ಒಂಬತ್ತು ದಿನವೂ ಅದೇ ಪ್ರಾರ್ಥನೆಯನ್ನು ಹೇಳುತ್ತೇವೆ. ಜಪಸರದಲ್ಲಿ ಐವತ್ತು ಸಲ ಅದೇ 'ನಮೋ ಮರಿಯ'. 'ನಿನ್ನೆ ಹೇಳಿ ಆಯಿತಲ್ಲ, ಇವತ್ತು ಹೊಸದು ಕೊಡಿ' ಎಂದು ಯಾರೂ ಕೇಳುವುದಿಲ್ಲ. ಮರಳಿ ಮರಳಿ ಹೇಳಿದ ಮಾತೇ ಕಷ್ಟಕಾಲದಲ್ಲಿ ತಾನಾಗಿ ತುಟಿಗೆ ಬರುತ್ತದೆಂದು ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಪ್ರಾರ್ಥನೆಯಲ್ಲಿ ತಿಳಿದ ಈ ಸತ್ಯವನ್ನು ಓದಿನಲ್ಲಿ ಮರೆತದ್ದೇಕೆ?

'ಗುರಿ ಇಲ್ಲದಿದ್ದರೆ ಓದುವುದೇ ಇಲ್ಲ, ಫಾದರ್'

ನನ್ನ ಮಾತಿಗೆ ಯುವಜನರು ಕೊಡುವ ಉತ್ತರ ನನಗೆ ಗೊತ್ತು; ಅದು ಹಗುರವಾದ ಉತ್ತರವಲ್ಲ. 'ಮೊಬೈಲು ಹಿಡಿದ ಮಕ್ಕಳ ಕೈಗೆ ಪುಸ್ತಕ ಕೊಡುವುದೇ ದೊಡ್ಡ ಸಾಹಸ. ಮೂವತ್ತು ಎಂದರೆ ಮೂರಾದರೂ ಓದುತ್ತಾರೆ. ನಿಧಾನವಾಗಿ ಓದಿ ಎಂದರೆ ಒಂದೂ ಓದುವುದಿಲ್ಲ.'

ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಯೋಜನೆ ಬೇಕು. ಕಾಲ ಗೊತ್ತುಪಡಿಸುವುದು ಬೇಕು. ಯಾರಾದರೂ ಬಂದು ವಿಚಾರಿಸುವುದೂ ಬೇಕು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯ 48ನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿ ಸಹೋದರನಿಗೂ ಗ್ರಂಥಾಲಯದಿಂದ ಪುಸ್ತಕ ಕೊಡಬೇಕು. ಓದಿನ ವೇಳೆಯಲ್ಲಿ ಯಾರಾದರೂ ಹರಟೆ ಹೊಡೆಯುತ್ತಿದ್ದಾರೆಯೇ ಎಂದು ಒಬ್ಬಿಬ್ಬರು ಹಿರಿಯರು ಸುತ್ತಾಡಿ ನೋಡಬೇಕು. ಹೀಗೆ ಗೊತ್ತಾದ ಕಾಲವೂ ಉಂಟು, ಮೇಲ್ವಿಚಾರಣೆಯೂ ಉಂಟು. ಆದರೆ ಎಷ್ಟು ಪುಸ್ತಕ? ತಲೆಗೊಂದು. ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು. ನಲವತ್ತು ದಿನಕ್ಕೆ ಒಂದು ಪುಸ್ತಕ! ಬೆನೆಡಿಕ್ಟರಿಗೆ ಮಹತ್ವಾಕಾಂಕ್ಷೆ ಇರಲಿಲ್ಲವೇ? ಇತ್ತು, ಅದು ಪುಸ್ತಕದ ಬಗ್ಗೆ ಅಲ್ಲ, ಓದುವ ಮನುಷ್ಯನ ಬಗ್ಗೆ.

ಒಪ್ಪದ ಅರ್ಧವೂ ಇದೆ. ಮೂವತ್ತು ಎಂದರೆ ಮೂರಾದರೂ ಓದುತ್ತಾರೆ ಎಂಬುದು ಕೇಳಲು ಚೆಂದ. ಆದರೆ ಮೂವತ್ತಕ್ಕೆ ಹೊರಟು ಮೂರಕ್ಕೆ ನಿಂತ ಮಗು ಮೂರು ಓದಿದ ಸಂತೋಷದಿಂದ ಮನೆಗೆ ಹೋಗುವುದಿಲ್ಲ. ಇಪ್ಪತ್ತೇಳು ಸೋತ ಅವಮಾನದಿಂದ ಹೋಗುತ್ತದೆ. ಮುಂದಿನ ವರ್ಷ ಆ ಮಗು ಹೆಸರನ್ನೇ ಕೊಡುವುದಿಲ್ಲ. ತಾನಾಗಿಯೇ ವೇಗವಾಗಿ ಓದುವ ಮಕ್ಕಳಿದ್ದಾರೆ. ಅವರು ಮೂವತ್ತಲ್ಲ, ಐವತ್ತು ಓದಲಿ, ದೇವರು ಅವರನ್ನು ಆಶೀರ್ವದಿಸಲಿ. ಅವರ ವೇಗವನ್ನು ಎಲ್ಲರಿಗೂ ಅಳತೆಗೋಲಾಗಿ ದೇವಾಲಯದ ಗೋಡೆಗೆ ತೂಗುಹಾಕಬಾರದೆಂಬುದಷ್ಟೇ ನನ್ನ ತಕರಾರು. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಓದನ್ನು ಹೀಗಳೆದವರಲ್ಲ. ಉಳಿದ ಮುಕ್ಕಾಲಿಗೆ ಸಮಯ ಬಿಡಿ ಎಂದವರು.

ವಿಶ್ವಗುರು ಫ್ರಾನ್ಸಿಸರು 2024ರ ಜುಲೈ 17ರಂದು ಸಾಹಿತ್ಯದ ಓದಿನ ಕುರಿತು ಒಂದು ಪತ್ರ ಬರೆದರು. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಯೇಸುಸಭೆಯ ಶಾಲೆಯಲ್ಲಿ ತಾವು ಸಾಹಿತ್ಯ ಕಲಿಸುತ್ತಿದ್ದ ದಿನಗಳನ್ನು ಅದರಲ್ಲಿ ನೆನೆದಿದ್ದಾರೆ. ಪಠ್ಯದಲ್ಲಿದ್ದದ್ದು 'ಎಲ್ ಸಿಡ್' ಎಂಬ ಹಳೆಯ ವೀರಕಾವ್ಯ. ವಿದ್ಯಾರ್ಥಿಗಳಿಗೆ ಬೇಕಾಗಿದ್ದದ್ದು ತಮ್ಮ ಕಾಲಕ್ಕೆ ಹತ್ತಿರದ ಕವಿ ಗಾರ್ಸಿಯಾ ಲೋರ್ಕಾ. ಪಠ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಪ್ರಿಯರಾದವರ ಬಗ್ಗೆಯೇ ಮಾತನಾಡೋಣ ಎಂದರಂತೆ ಆ ತರುಣ ಅಧ್ಯಾಪಕರು. ಮಕ್ಕಳನ್ನು ಪುಸ್ತಕದ ಕಡೆಗೆ ಎಳೆಯಲು ಅವರು ನಂಬಿದ್ದು ನಕ್ಷತ್ರವನ್ನಲ್ಲ, ಹಸಿವನ್ನು.

ಮರೆಮಾಚಿದ ಗಾಯ

ಈಗ ಕಹಿಯಾದ ಮಾತು. ನಮ್ಮ ಪಟ್ಟಿಗಳ ಹಿಂದೆ ಒಂದು ಗಾಯ ಅಡಗಿದೆ. ಆ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವನೊಬ್ಬನೇ ಅಲ್ಲ. ನಮ್ಮ ಗಾಯನ ಮಂಡಳಿಗಳ ಪುಸ್ತಕಗಳನ್ನು ತೆರೆದು ನೋಡಿ. ಎಷ್ಟು ಮಕ್ಕಳು ಕನ್ನಡ ಗೀತೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಿದ್ದಾರೆ! ಮೊದಲ ವಾಚನ ಓದಲು ಕರೆದರೆ ಹಿಂದೆ ಸರಿಯುವ ತರುಣರು ಎಷ್ಟು! ತಮಿಳು, ಕೊಂಕಣಿ, ತೆಲುಗು ಮನೆಮಾತಿನ ಕುಟುಂಬಗಳು ನಮ್ಮಲ್ಲಿವೆ. ಮನೆಮಾತು ಯಾವುದೇ ಇರಲಿ, ಇಲ್ಲಿ ನಾವು ಒಟ್ಟಾಗಿ ಪ್ರಾರ್ಥಿಸುವ ಭಾಷೆ ಕನ್ನಡ. ಇಂಗ್ಲಿಷ್ ಮಾಧ್ಯಮವನ್ನು ನಾನು ದೂರುವುದಿಲ್ಲ. ನಮ್ಮವರೇ ನಡೆಸುವ ಶಾಲೆಗಳಿರುವಾಗ ದೂರುವ ಹಕ್ಕೂ ನನಗಿಲ್ಲ. ಆದರೆ ಅಜ್ಜನ ಪುಸ್ತಕವನ್ನು ಮೊಮ್ಮಗ ಓದಲಾರನೆಂದರೆ ಆ ಮನೆಯಲ್ಲಿ ವಿಶ್ವಾಸದ ಕೈ ಬದಲಾಗುವ ಜಾಗದಲ್ಲಿಯೇ ಸೇತುವೆ ಕುಸಿದಿದೆ. ಮೂವತ್ತು ತೆಳು ಪುಸ್ತಕಗಳ ನಕ್ಷತ್ರಗಳನ್ನು ಅದರ ಮೇಲೆ ಅಂಟಿಸಿ ನಾವು ಸಂಭ್ರಮಿಸುತ್ತಿದ್ದೇವೆ.

ಈ ಪುಸ್ತಕ ನಮ್ಮ ಕೈಗೆ ಎಷ್ಟು ನಿಧಾನವಾಗಿ ಬಂತೆಂಬುದನ್ನಾದರೂ ನೆನೆಯೋಣ. ಸಂತ ಜೆರೋಮರು 382ರ ಸುಮಾರಿಗೆ ಆರಂಭಿಸಿದ ಲತೀನ್ ಭಾಷಾಂತರದ ಕೆಲಸ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಾಗಿತು. ನಮ್ಮಿಂದ ದೂರವಲ್ಲದ ಬಳ್ಳಾರಿಗೆ 1810ರಲ್ಲಿ ಬಂದ ಪ್ರಾಟೆಸ್ಟೆಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಸಂಗಡಿಗರೊಡನೆ ಶ್ರಮಿಸಿ, ಸಂಪೂರ್ಣ ಬೈಬಲನ್ನು ಕನ್ನಡದಲ್ಲಿ ಅಚ್ಚಿಗೆ ತರುವ ಹೊತ್ತಿಗೆ 1831 ಬಂದಿತ್ತು. ಇಪ್ಪತ್ತು ವರ್ಷ ತಿದ್ದಿ ತೀಡಿದ ಮಾತುಗಳನ್ನು ಒಂದು ತಿಂಗಳಲ್ಲಿ ಓಡಿ ಮುಗಿಸಿದೆನೆಂದು ಹೇಳಿಕೊಳ್ಳುವುದರಲ್ಲಿ ಯಾವ ಹೆಮ್ಮೆ?

ಹಾಗಾದರೆ ಏನು ಮಾಡೋಣ?

ಖಂಡಿಸಿ ಸುಮ್ಮನಾಗುವುದು ಸುಲಭ. ಆದ್ದರಿಂದ ಒಂದು ತಿಂಗಳ ಯೋಜನೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಮನೆಗೆಲ್ಲ ಸೇರಿ ಒಂದೇ ಪುಸ್ತಕ: ಸಂತ ಮಾರ್ಕನ ಶುಭಸಂದೇಶ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಎರಡು ದಿನಕ್ಕೊಂದು ಅಧ್ಯಾಯದಂತೆ ಓದಿದರೆ ಮೂವತ್ತು ದಿನಕ್ಕೆ ಹದಿನೈದು ಮುಗಿಯುತ್ತವೆ. ಹದಿನಾರನೆಯದು ಉಳಿಯುತ್ತದೆ, ಅದು ಪುನರುತ್ಥಾನದ ಅಧ್ಯಾಯ. ಅದನ್ನು ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಓದಿ. ತಿಂಗಳೊಳಗೆ ಮುಗಿಯಲಿಲ್ಲವೆಂದು ಯಾರೂ ಲೆಕ್ಕ ಕೇಳುವುದಿಲ್ಲ.

ಎರಡನೆಯದಾಗಿ, ಗಟ್ಟಿಯಾಗಿ ಓದಿ, ಸರದಿಯಂತೆ ಓದಿ. ಅಕ್ಷರ ಕೂಡಿಸಿ ಓದುವ ಮಗುವಿಗೆ ಮೂರೇ ಸಾಲು ಕೊಡಿ, ತಿದ್ದುವ ಅವಸರ ಬೇಡ. ಅಕ್ಷರ ಬಾರದ ಅಜ್ಜಿ ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಲಿ. ನೆಹೆಮೀಯನ ಗ್ರಂಥದಲ್ಲಿ ಎಜ್ರನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದಾಗ ಅರ್ಥ ಬಿಡಿಸಿ ಹೇಳುವವರೂ ಇದ್ದರು. ಜನರು ಕೇಳಿ ಅತ್ತರು. ಎಷ್ಟು ಸುರುಳಿ ಮುಗಿಯಿತೆಂದು ಅಲ್ಲಿ ಬರೆದಿಲ್ಲ.

ಮೂರನೆಯದಾಗಿ, ಇದರ ಜೊತೆಗೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಕನ್ನಡ ಪುಸ್ತಕವನ್ನು ಆರಿಸಿಕೊಳ್ಳಲಿ. ಅದು ಧರ್ಮಗ್ರಂಥವೇ ಆಗಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಹಣದ ಪುಸ್ತಕಗಳನ್ನು ಒಮ್ಮೆಯಾದರೂ ಹೋಗಿ ಮುಟ್ಟಬಾರದೇ? ಮಗುವನ್ನು ಕರೆದುಕೊಂಡು ಹೋಗಿ. ಅದು ಆರಿಸುವಾಗ ದೂರ ನಿಲ್ಲಿ.

ನಾಲ್ಕನೆಯದಾಗಿ, ಪಟ್ಟಿಯ ಬದಲು ಒಂದು ಪ್ರಶ್ನೆ. ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ. ಫಿಲಿಪ್ಪ ಓಡಿಬಂದು ಎಷ್ಟು ಓದಿದೆಯೆಂದು ಕೇಳಲಿಲ್ಲ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಕೇಳಿದ. ಆಮೇಲೆ ರಥ ಹತ್ತಿ ಪಕ್ಕದಲ್ಲಿ ಕುಳಿತ. ತಂದೆ ತಾಯಂದಿರೇ, ನಿಮ್ಮಿಂದ ನಾನು ಬೇಡುವುದು ಇಷ್ಟೇ: ಹತ್ತು ನಿಮಿಷ ಮೊಬೈಲು ಕೆಳಗಿಟ್ಟು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ನಕ್ಷತ್ರ ಅಂಟಿಸುವುದು ಸುಲಭ, ಪಕ್ಕದಲ್ಲಿ ಕೂರುವುದು ಕಷ್ಟ. ಪಟ್ಟಿಗಳು ಇಷ್ಟು ಬೇಗ ಹಬ್ಬಿದ್ದಕ್ಕೆ ಅದೇ ಕಾರಣವಿರಬಹುದು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ರೈಲಿನಲ್ಲಿ ಕುಳಿತರೆ ಕಿಟಕಿ ತೆರೆಯುವಷ್ಟರಲ್ಲಿ ಊರು ಬರುತ್ತದೆ. ಹರಕೆ ಹೊತ್ತು ನಡೆದು ಬರುವವರಿಗೆ ಅದೇ ದಾರಿ ಬೇರೆ. ನೆರಳಿರುವ ಮರ, ನೀರು ಕೊಟ್ಟ ಮನೆ, ಕಾಲು ಸೋತ ತಿರುವು ಅವರಿಗೆ ನೆನಪಿರುತ್ತದೆ. ಇಬ್ಬರೂ ಮಾತೆಯ ಸನ್ನಿಧಿಗೆ ತಲುಪುತ್ತಾರೆ, ನಿಜ. ಆದರೆ ದಾರಿ ಗೊತ್ತಿರುವುದು ಒಬ್ಬರಿಗೆ ಮಾತ್ರ. ಮುಂದೆ ಮಗುವಿನ ಕೈಹಿಡಿದು ಕರೆತರಬಲ್ಲವರೂ ಅವರೇ.

ಆದ್ದರಿಂದ ನನ್ನ ಹಳೆಯ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ನಿಮ್ಮ ಮಗು ಪಟ್ಟಿ ಹಿಡಿದುಕೊಂಡು ಬಂದರೆ ಅದರ ಉತ್ಸಾಹವನ್ನು ಮುರಿಯಬೇಡಿ. ಪಟ್ಟಿಯನ್ನು ಮಡಿಸಿಟ್ಟು ಕೇಳಿ: ನಮ್ಮ ಮನೆಯಲ್ಲಿ ಓದಿ ಹೇಳುವವರಿಗಾಗಿ ಕಾದಿರುವವರು ಯಾರು? ದಿಂಬಿನ ಪಕ್ಕಕ್ಕೆ ಸರಿಸಿದ ಪುಸ್ತಕ ಯಾವುದು? ಅದನ್ನೇ ಮೊದಲು ತೆರೆಯಿರಿ. ಆರೋಗ್ಯ ಮಾತೆ ನಿಮ್ಮ ಮನೆಯ ಓದನ್ನು ಆಶೀರ್ವದಿಸಲಿ.